ನಾಲ್ಕು ಕಾಲೂ ನೆಲದ ಮೇಲೆ

(ಚಿಕ್ಕಬಳ್ಳಾಪುರದಲ್ಲಿ ನಾಯಿ ಸಾಕುವವರ ಒಂದು ಸಣ್ಣ ಸಭೆಯಲ್ಲಿ ಆಡಿದ ಮಾತು. ಬರೆಯುವಾಗ ಒಂದಷ್ಟು ಕತ್ತರಿಸಿದ್ದೇನೆ. ಕೊನೆಯಲ್ಲಿ ಸಭಿಕರು ಕೇಳಿದ ಕೆಲವು ಪ್ರಶ್ನೆಗಳೂ ಇವೆ.)

ಎಲ್ಲರಿಗೂ ನಮಸ್ಕಾರ.

ದತ್ತು ಹೋದ ದೊಡ್ಡ ನಾಯಿ ಯಾಕೆ ವಾಪಸ್ ಬರುತ್ತದೆ ಅಂತ ಕೇಳಿದರೆ, "ಯಾರಿಗೋ ಕಚ್ಚಿರಬೇಕು" ಅನ್ನುತ್ತಾರೆ. ನಾನು ಕಂಡ ಹಾಗೆ ಕಚ್ಚಿ ವಾಪಸ್ ಬಂದವು ಕಮ್ಮಿ. ಹಾರಿ ವಾಪಸ್ ಬಂದವೇ ಜಾಸ್ತಿ. ಮನೆಗೆ ಬಂದವರ ಎದೆ ಮೇಲೆ ಎರಡು ಕಾಲು ಇಡುತ್ತವೆ. ಅಜ್ಜಿಯನ್ನು ಬೀಳಿಸುತ್ತವೆ. ಮಗುವಿನ ಕೈಯ ಬಿಸ್ಕತ್ತಿಗೆ ಹಾರಿ ಮಗುವನ್ನೂ ಕೆಡವುತ್ತವೆ. ಪಾಪ, ಎಲ್ಲವೂ ಪ್ರೀತಿಯಿಂದಲೇ. ಆದರೆ 38 ಕೆ.ಜಿ. ಪ್ರೀತಿ ಮೈಮೇಲೆ ಬಿದ್ದರೆ ಸೊಂಟ ಉಳಿಯಬೇಕಲ್ಲ!

ಹಾಗಾಗಿ ಫಾಸ್ಟರ್ ಮನೆಯಲ್ಲಿ, ಅಂದರೆ ದತ್ತು ಹೋಗುವ ತನಕ ನಾಯಿಯನ್ನು ಇಟ್ಟುಕೊಂಡು ನೋಡಿಕೊಳ್ಳುವ ನಮ್ಮಂಥವರ ಮನೆಯಲ್ಲಿ, ನಾನು ಶೇಕ್‌ಹ್ಯಾಂಡ್ ಕೊಡುವುದು, ಉರುಳುವುದು ಇವೆಲ್ಲ ಕಲಿಸುವುದಿಲ್ಲ. ಇನ್ನೊಬ್ಬರ ಮನೆಯಲ್ಲಿ ಸುಮ್ನೆ ಇರುವುದನ್ನು ಕಲಿಸುತ್ತೇನೆ. ಇವತ್ತು ಹೇಳುವುದೆಲ್ಲ ಅದರ ಸುತ್ತಲೇ.

ಮೊದಲು, ನಮ್ಮ ಊರಿನ ಸುತ್ತ ಇಷ್ಟೊಂದು ದೊಡ್ಡ ನಾಯಿಗಳು ಯಾಕೆ ಸಿಗುತ್ತವೆ ಅಂತ ನೋಡೋಣ. ಬೆಂಗಳೂರು ಇಲ್ಲೇ ಇದೆ. ನಂದಿ ಬೆಟ್ಟದ ಸುತ್ತ ಫಾರ್ಮ್‌ಹೌಸ್‌ಗಳು ಎದ್ದಿವೆ. ಮರಿ ಇದ್ದಾಗ ಮುದ್ದಾಗಿರುತ್ತದೆ ಅಂತ ದೊಡ್ಡ ತಳಿಯದನ್ನು ತರುತ್ತಾರೆ. ವರ್ಷ ತುಂಬುವಷ್ಟರಲ್ಲಿ ಫ್ಲಾಟಿನಲ್ಲಿ ಹಿಡಿಸುವುದಿಲ್ಲ, "ತೋಟದಲ್ಲಿ ಇರಲಿ" ಅಂತ ತಂದು ಬಿಡುತ್ತಾರೆ. ತೋಟದ ಕೆಲಸದವರು ಕೆಲಸ ಬಿಟ್ಟರೆ ನಾಯಿಗೆ ಅನ್ನ ಹಾಕುವವರಿಲ್ಲ. ಇನ್ನು ಕೆಲವರು ಅಷ್ಟು ಕಷ್ಟವನ್ನೂ ಪಡುವುದಿಲ್ಲ, ಹೆದ್ದಾರಿ ಪಕ್ಕದ ಯಾವುದೋ ಡಾಬಾ ಹತ್ತಿರ ಇಳಿಸಿ ಹೋಗುತ್ತಾರೆ. ಹೀಗೆ ಬಿಟ್ಟು ಹೋಗುವುದು ಅಪರಾಧ. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ಸೆಕ್ಷನ್ನಿನಲ್ಲಿ ಸ್ಪಷ್ಟವಾಗಿದೆ. ದಂಡ ಎಷ್ಟು ಗೊತ್ತೇ? ಮೊದಲ ಸಲಕ್ಕೆ ಹೆಚ್ಚೆಂದರೆ 50 ರೂಪಾಯಿ. ಬೆಟ್ಟದ ಮೇಲೆ ಒಂದು ಪ್ಲೇಟ್ ತಿಂಡಿಗೆ ಅದಕ್ಕಿಂತ ಜಾಸ್ತಿ ಆಗುತ್ತದೆ.

ಉದಾಹರಣೆಗೆ ಒಬ್ಬನನ್ನೇ ಹಿಡಿದು ಮಾತಾಡುತ್ತೇನೆ. ಕಿವಿ ಲ್ಯಾಬ್ರಡಾರ್‌ದು, ಕಾಲು ಗ್ರೇಟ್ ಡೇನ್‌ದು, ಬಾಲ ಯಾರದೋ. ಹಲ್ಲು ನೋಡಿ ಡಾಕ್ಟರು ಒಂದೂವರೆ ವರ್ಷ ಇರಬಹುದು ಅಂದರು. ಹಗ್ಗ ಹಿಡಿದವರನ್ನೆಲ್ಲ ಎಳೆದುಕೊಂಡು ಹೋಗುತ್ತಿದ್ದ. ಅದಕ್ಕೆ ಪಕ್ಕದ ಮನೆ ಮಕ್ಕಳು ಅವನಿಗೆ ಟ್ರ್ಯಾಕ್ಟರ್ ಅಂತ ಹೆಸರಿಟ್ಟರು. ಆ ಹೆಸರು ಹೇಳಿಕೊಂಡು ಅವನಿಗೆ ಮನೆ ಹುಡುಕುವುದು ಕಷ್ಟ, ಅದು ಬೇರೆ ಮಾತು.

ಮನೆಗೆ ಬಂದ ತಕ್ಷಣ ಪಾಠ ಶುರು ಮಾಡಬೇಡಿ. ಮೊದಲು ಪಶು ಆಸ್ಪತ್ರೆ. ಜಂತುಹುಳದ ಔಷಧಿ, ರೇಬೀಸ್ ಲಸಿಕೆ, ಡಿಸ್ಟೆಂಪರ್ ಮತ್ತು ಪಾರ್ವೋ ಅನ್ನುವ ಕಾಯಿಲೆಗಳಿಗೆ ಸೇರಿಸಿ ಕೊಡುವ ಲಸಿಕೆ, ಆಮೇಲೆ ಸಂತಾನಹರಣ ಆಪರೇಷನ್‌ಗೆ ಯಾವಾಗ ಸರಿ ಅಂತ ಕೇಳುವುದು. ನಮ್ಮ ಕಡೆ ಮರೆಯಬಾರದ ಇನ್ನೊಂದು ಎಂದರೆ ಉಣ್ಣೆ, ಮೈಗೆ ಕಚ್ಚಿಕೊಂಡು ರಕ್ತ ಹೀರುವ ಹುಳ. ಕಿವಿಯ ಮಡಿಕೆ ಒಳಗೆ, ಕಾಲ್ಬೆರಳ ಸಂದಿಯಲ್ಲಿ, ಬೆಲ್ಟಿನ ಕೆಳಗೆ ಬೆರಳಾಡಿಸಿ ನೋಡಿ. ಟ್ರ್ಯಾಕ್ಟರ್‌ನ ಬೆರಳ ಸಂದಿಯಲ್ಲಿ ಹರಳು ಬೀಜದ ಹಾಗೆ ಊದಿಕೊಂಡು ಕೂತಿದ್ದವು. ಉಣ್ಣೆಯಿಂದ ಬರುವ ಜ್ವರದಲ್ಲಿ ನಾಯಿ ಮಂಕಾಗುತ್ತದೆ, ಊಟ ಬಿಡುತ್ತದೆ, ವಸಡು ಬಿಳಿಚಿಕೊಳ್ಳುತ್ತದೆ. "ಎಷ್ಟು ಸಾಧು ನಾಯಿ" ಅಂತ ನಾವು ಖುಷಿಪಡುತ್ತಾ ಕೂತಿರುತ್ತೇವೆ. ರಕ್ತ ಪರೀಕ್ಷೆ ಮಾಡಿಸಿಬಿಡಿ.

ಜ್ವರ ಇಲ್ಲದಿದ್ದರೂ ಮೊದಲ ಕೆಲವು ದಿನ ಬಹಳಷ್ಟು ನಾಯಿಗಳು ತೆಪ್ಪಗೆ ಇರುತ್ತವೆ. ಹೆದರಿಕೆ, ಸುಸ್ತು. ಹೊಟ್ಟೆಗೆ ಬಿದ್ದು, ನಿದ್ದೆಯಾಗಿ, ಇಲ್ಲಿ ಯಾರೂ ಹೊಡೆಯುವುದಿಲ್ಲ ಅಂತ ಗೊತ್ತಾದ ಮೇಲೆ ನಿಜವಾದ ನಾಯಿ ಹೊರಗೆ ಬರುತ್ತದೆ. ನಮ್ಮವನು ಬಂದ. ಬಟ್ಟೆ ಒಣಹಾಕಿದ್ದ ತಂತಿಯ ಸಮೇತ ಬಂದ. ಹಾಗಾಗಿ ಮೊದಲ ವಾರದಲ್ಲೇ "ಶಾಂತ ಸ್ವಭಾವ, ಮನೆ ಬೇಕಾಗಿದೆ" ಅಂತ ಯಾರಿಗೂ ಫೋಟೋ ಕಳಿಸಬೇಡಿ. ಆ ನಾಯಿ ಹೇಗೆ ಅಂತ ನಿಮಗೇ ಇನ್ನೂ ಗೊತ್ತಿರುವುದಿಲ್ಲ.

ಈಗ ಹಾರುವ ವಿಷಯಕ್ಕೆ ಬರೋಣ. ನಾಯಿ ಯಾಕೆ ಹಾರುತ್ತದೆ? ಮರಿಗಳು ತಾಯಿಯ ಬಾಯಿ ನೆಕ್ಕಿ ಮಾತಾಡಿಸುತ್ತವೆ. ನಮ್ಮ ಮುಖ ಐದಡಿ ಮೇಲಿದೆ. ಮುಖಕ್ಕೆ ಬರಬೇಕಾದರೆ ಹಾರಲೇಬೇಕು. ಮರಿಯಾಗಿದ್ದಾಗ ಹಾರಿದರೆ ಎತ್ತಿ ಮುದ್ದಾಡಿದ್ದೇವೆ. ಅದೇ ಕೆಲಸಕ್ಕೆ ದೊಡ್ಡದಾದ ಮೇಲೆ ಬೈಗುಳ. ನಿಯಮ ಬದಲಾಗಿದ್ದು ನಾಯಿಗೆ ಗೊತ್ತಾಗಬೇಕು ತಾನೇ?

ಬೈದರೆ, ತಳ್ಳಿದರೆ ನಿಲ್ಲುತ್ತದೆಯೇ? ಇಲ್ಲ. ಖುಷಿಯಲ್ಲಿರುವ ನಾಯಿಗೆ ತಳ್ಳುವುದು ಕುಸ್ತಿಗೆ ಕರೆದ ಹಾಗೆ. "ಹೋಗೋ! ಇಳಿಯೋ!" ಅಂತ ಕಿರುಚಿದರೆ ನಾವೂ ಬೊಗಳಿದಂತೆ ಕೇಳಿಸುತ್ತದೋ ಏನೋ. ಕಣ್ಣು, ಕೈ, ಮಾತು ಮೂರೂ ಅದಕ್ಕೆ ಬಹುಮಾನವೇ. ನಾವು ಬೈಯುತ್ತಿದ್ದೇವೆ ಅಂದುಕೊಂಡು ದಿನಾ ಬಹುಮಾನ ಕೊಡುತ್ತಿರುತ್ತೇವೆ.

ಇದನ್ನು ನಮ್ಮ ಮನೆಯಲ್ಲಿ ಚೆನ್ನಾಗಿ ತೋರಿಸಿಕೊಟ್ಟವರು ನಮ್ಮ ಅತ್ತೆ. ಅವರಿಗೆ ಎಪ್ಪತ್ತು ದಾಟಿದೆ, ಮಂಡಿ ನೋವು. ನಾಯಿ ಮೇಲೆ ದ್ವೇಷ ಇಲ್ಲ, ಆದರೆ ಮುಟ್ಟುವವರಲ್ಲ. ಸಂಜೆ ದೇವಸ್ಥಾನದಿಂದ ಬಂದು ಗೇಟಿನ ಒಳಗೆ ಕಾಲಿಟ್ಟರೆ ಇವನು ಗಾಳಿಯ ಹಾಗೆ ಬರುತ್ತಿದ್ದ. ಅವರು ನಿಂತುಬಿಡುತ್ತಿದ್ದರು. ಎರಡೂ ಕೈ ಸೆರಗಿನೊಳಗೆ. ಮುಖ ಗೇಟಿನ ಕಡೆ. ಒಂದು ಮಾತಿಲ್ಲ. ಇವನು ಸುತ್ತ ಕುಣಿದು, ಮೂಸಿ, ಕೊನೆಗೆ ಏನೂ ತೋಚದೆ ಕುಂಡೆ ನೆಲಕ್ಕೆ ಊರಿದರೆ, ಅವರು ತಿರುಗಿ "ಹಾಂ, ಹೀಗೆ ಕೂತ್ಕೊಳೋ" ಅಂತ ಒಂದು ಮಾತು ಹೇಳಿ ಒಳಗೆ ಹೋಗುತ್ತಿದ್ದರು. ಮನೆಯಲ್ಲಿ ಎಲ್ಲರಿಗಿಂತ ಮೊದಲು ಅವನು ಹಾರುವುದನ್ನು ಬಿಟ್ಟಿದ್ದು ಅತ್ತೆ ಮೇಲೆ. ಟ್ರೈನಿಂಗ್ ಅನ್ನುವ ಪದವನ್ನೂ ಅವರು ಬಳಸಿದವರಲ್ಲ.

ನಾವು ಅದಕ್ಕೆ ಎರಡು ವಿಷಯ ಸೇರಿಸಿದೆವು. ಒಂದು, ಹಗ್ಗ. ಬಾಗಿಲ ಪಕ್ಕದ ಕಿಟಕಿ ಸರಳಿಗೆ ಗಿಡ್ಡ ಹಗ್ಗ ಕಟ್ಟಿ ಅದಕ್ಕೆ ನಾಯಿಯ ಹಾರ್ನೆಸ್ (ಎದೆ, ಬೆನ್ನು ಸುತ್ತಿ ಹಾಕುವ ಪಟ್ಟಿ) ಸಿಕ್ಕಿಸುವುದು. ಬಂದವರು ಹಗ್ಗ ಎಟುಕದಷ್ಟು ದೂರದಲ್ಲಿ ನಿಲ್ಲಬೇಕು. ನಾಲ್ಕು ಕಾಲೂ ನೆಲದ ಮೇಲಿದ್ದರೆ ಒಂದು ಹೆಜ್ಜೆ ಮುಂದೆ. ಮುಂಗಾಲು ಎದ್ದರೆ ಒಂದು ಹೆಜ್ಜೆ ಹಿಂದೆ. ಅಷ್ಟೇ ಪಾಠ. ಎರಡು, ತಿಂಡಿ. ಬೇಯಿಸಿದ ಚಿಕನ್ ಲಿವರ್, ಕಡಲೆಕಾಳಿನಷ್ಟು ಚೂರು. ಅದನ್ನು ಎತ್ತರದಲ್ಲಿ ಹಿಡಿದರೆ ಹಾರಲು ನಾವೇ ಹೇಳಿಕೊಟ್ಟ ಹಾಗಾಗುತ್ತದೆ. ನೆಲಕ್ಕೆ ಹಾಕಬೇಕು, ಅವನ ಮುಂಗಾಲಿನ ಹತ್ತಿರ. ಕಾಲು ನೆಲ ಮುಟ್ಟಿದ ಕ್ಷಣವೇ ಹಾಕಬೇಕು. ಜೇಬಿನಲ್ಲಿ ಕವರ್ ಬಿಚ್ಚುತ್ತಾ ನಿಂತರೆ, ಅಷ್ಟರಲ್ಲಿ ಅವನು ಮತ್ತೆ ಹಾರಿರುತ್ತಾನೆ, ಆ ಹಾರಿದ್ದಕ್ಕೆ ಲಿವರ್ ಸಿಗುತ್ತದೆ.

ಇದರ ಮಧ್ಯೆ ಒಂದು ಹಂತ ಬರುತ್ತದೆ. ಹಾರುವುದು ಕಮ್ಮಿಯಾಗುವ ಮುಂಚೆ ಜೋರಾಗುತ್ತದೆ. ಇಷ್ಟು ದಿನ ಕೆಲಸ ಮಾಡುತ್ತಿದ್ದ ಉಪಾಯ ಈಗ ಯಾಕೆ ನಡೆಯುತ್ತಿಲ್ಲ ಅಂತ ನಾಯಿ ಇನ್ನೂ ಎತ್ತರಕ್ಕೆ ಪ್ರಯತ್ನ ಮಾಡುತ್ತದೆ. ಬಹಳ ಜನ ಇಲ್ಲೇ ಸೋಲುತ್ತಾರೆ. ಅದೇ ಹೊತ್ತಿಗೆ ಮನೆಗೆ ಒಬ್ಬ ಮಾವ ಬರುತ್ತಾರೆ. "ಬಿಡಮ್ಮಾ, ನನಗೇನೂ ತೊಂದರೆ ಇಲ್ಲ, ನಾಯಿ ಅಂದ್ರೆ ನಂಗಿಷ್ಟ" ಅಂತ ಎದೆಗೆ ಅಪ್ಪಿಕೊಳ್ಳುತ್ತಾರೆ. ನಮ್ಮ ರಾಜ್ಯದಲ್ಲಿ 2007ರಲ್ಲಿ ಲಾಟರಿ ನಿಲ್ಲಿಸಿದರು. ಅದಕ್ಕೆ ಮುಂಚೆ ಟಿಕೆಟ್ ಚಟ ಹತ್ತಿದವರನ್ನು ನೋಡಿದ್ದೀರಲ್ಲ? ಯಾವಾಗಲೋ ಒಮ್ಮೆ ನೂರು ರೂಪಾಯಿ ಹೊಡೆದಿದ್ದೇ ಸಾಕು, ದಿನಾ ಕೊಳ್ಳುವುದು ನಿಲ್ಲುತ್ತಿರಲಿಲ್ಲ. ಆ ಮಾವ ನಾಯಿಗೆ ಹೊಡೆದ ಲಾಟರಿ.

"ಯಜಮಾನ ಯಾರು ಅಂತ ತೋರಿಸಬೇಕು, ಕೆಡವಿ ಹಿಡಿಯಬೇಕು" ಅನ್ನುವವರು ಇವತ್ತಿಗೂ ಇದ್ದಾರೆ. ಇದರ ಮೂಲ, ಕಾದಾಡಿ ಗೆದ್ದ ತೋಳವೇ ಗುಂಪಿನ ಯಜಮಾನ ಅಂತ, ಬೋನಿನಲ್ಲಿಟ್ಟ ತೋಳಗಳನ್ನು 1940ರ ದಶಕದಲ್ಲಿ ನೋಡಿ ಬರೆದ ಅಧ್ಯಯನ. ಆ ವಿಚಾರವನ್ನು ಜನರಿಗೆ ತಲುಪಿಸಿದವರಲ್ಲಿ ಒಬ್ಬರಾದ ಅಮೆರಿಕದ ತೋಳ ತಜ್ಞ ಡೇವಿಡ್ ಮೀಚ್ ಅವರೇ, ಕಾಡಿನ ತೋಳದ ಗುಂಪು ಅಂದರೆ ಅಪ್ಪ, ಅಮ್ಮ, ಮಕ್ಕಳ ಸಂಸಾರ ಅಂತ 1999ರಲ್ಲಿ ಬರೆದರು. ಇನ್ನು ನಾಯಿ ತೋಳವೂ ಅಲ್ಲ. ಮೊದಲೇ ಹೊಡೆತ ತಿಂದು ಬಂದ ದೊಡ್ಡ ನಾಯಿಯನ್ನು ಕೆಡವಿ ಹಿಡಿಯಲು ಹೋದರೆ ಅದು ಕಚ್ಚುವುದನ್ನೂ ಕಲಿಯುತ್ತದೆ. ಅಲ್ಲಿಗೆ ಅದಕ್ಕೆ ಮನೆ ಸಿಗುವ ದಾರಿ ಮುಚ್ಚಿತು.

ಇನ್ನೊಂದು ಸಲಹೆ ಎಲ್ಲರೂ ಕೊಡುತ್ತಾರೆ: "ಚೆನ್ನಾಗಿ ಓಡಿಸಿ, ಸುಸ್ತಾದರೆ ಸುಮ್ಮನಾಗುತ್ತೆ." ಬೈಕಿಗೆ ಕಟ್ಟಿಕೊಂಡು ಓಡಿಸುವವರನ್ನು ಬೆಳಿಗ್ಗೆ ಬೆಳಿಗ್ಗೆ ನೋಡುತ್ತೇವಲ್ಲ. ನನಗೆ ಇದು ಸುತಾರಾಂ ಇಷ್ಟವಿಲ್ಲ. ದಿನಾ ಓಡಿಸಿದರೆ ನಾಯಿಯ ದಮ್ಮು ಜಾಸ್ತಿಯಾಗುತ್ತದೆ, ಮುಂದಿನ ತಿಂಗಳು ಸುಸ್ತು ಮಾಡಿಸಲು ಎರಡರಷ್ಟು ಓಡಿಸಬೇಕು. ದೊಡ್ಡ ತಳಿಗಳ ಮೂಳೆ ಬೆಳೆದು ಮುಗಿಯಲು ಒಂದೂವರೆ ವರ್ಷದ ತನಕ ಬೇಕಾಗಬಹುದು, ಅಷ್ಟರೊಳಗೆ ಡಾಂಬರಿನ ಮೇಲೆ ಓಡಿಸಿದರೆ ಕೀಲು ಹಾಳು. ಅದರ ಬದಲು ಮೂಸಲು ಬಿಡಿ. ಕಂದವಾರ ಕೆರೆ ಕಡೆ ಬೆಳಕು ಹರಿಯುವ ಮುಂಚೆ ಹೋಗಿ, ಹಗ್ಗ ಸ್ವಲ್ಪ ಉದ್ದ ಬಿಟ್ಟು, ಅವನು ಒಂದು ಹುಲ್ಲಿನ ಬುಡವನ್ನು ಎರಡು ನಿಮಿಷ ಮೂಸಿದರೂ ಕಾಯಬೇಕು. ಮೂಗಿನ ಕೆಲಸ ತಲೆಯನ್ನು ದಣಿಸುತ್ತದೆ. ಮನೆಗೆ ಬಂದು ನೀರು ಕುಡಿದು ಮಲಗುತ್ತಾನೆ.

ಎಳೆಯುವುದಕ್ಕೆ ಮದ್ದು ಸರಳ, ಬೇಜಾರಿನದು. ಹಗ್ಗ ಬಿಗಿಯಾಯಿತೋ, ನಿಂತುಬಿಡಿ. ಸಡಿಲವಾಯಿತೋ, ನಡೆಯಿರಿ. ಎದೆಯ ಮುಂದೆ ಕೊಂಡಿ ಇರುವ ಹಾರ್ನೆಸ್ ಆದರೆ ಎಳೆದಾಗ ನಾಯಿ ತಾನೇ ನಮ್ಮ ಕಡೆ ತಿರುಗುತ್ತದೆ, ಕತ್ತಿಗೂ ನೋವಿಲ್ಲ. ಮೊದಮೊದಲು ಬೀದಿಯ ತುದಿಗೆ ಹೋಗುವಷ್ಟರಲ್ಲಿ ಹಾಲಿನವನು ಎರಡು ಸಲ ದಾಟಿ ಹೋಗುತ್ತಾನೆ, ಏನೂ ಮಾಡುವ ಹಾಗಿಲ್ಲ. ಬೇಸಿಗೆಯಲ್ಲಿ ಹೊರಡುವ ಮುಂಚೆ ಅಂಗೈ ಹಿಂಬದಿಯನ್ನು ರಸ್ತೆಗೆ ಐದು ಸೆಕೆಂಡ್ ಒತ್ತಿ. ನಿಮಗೆ ಸುಟ್ಟರೆ ಅವನ ಪಾದಕ್ಕೂ ಸುಡುತ್ತದೆ.

ಮನೆಯೊಳಗೆ ಮುಖ್ಯ ಪಾಠ ಗೋಣಿಚೀಲದ್ದು. ಹಳೇ ಗೋಣಿಚೀಲ ಮಡಿಸಿ ಒಂದು ಮೂಲೆಯಲ್ಲಿ ಹಾಕಿ. ನಾಯಿ ತಾನಾಗಿ ಅದರ ಮೇಲೆ ಮಲಗಿದಾಗ, ಏನೂ ಮಾತಾಡದೆ ಮುಂಗಾಲುಗಳ ನಡುವೆ ಒಂದು ಚೂರು ಇಟ್ಟು ನಿಮ್ಮ ಪಾಡಿಗೆ ಹೋಗಿ. "ವೆರಿ ಗುಡ್!" ಅಂತ ಕೂಗಿದರೆ ಎದ್ದು ಬರುತ್ತಾನೆ. ನಿಧಾನವಾಗಿ ಚೂರಿನ ಮಧ್ಯದ ಹೊತ್ತು ಹೆಚ್ಚಿಸಿ. ಕುಕ್ಕರ್ ಕೂಗುವಾಗ, ಮಕ್ಕಳು ಓಡಾಡುವಾಗ, ಆಮೇಲೆ ಬೆಲ್ ಆದಾಗ. ದೊಡ್ಡ ನಾಯಿಗೆ ದಿನಕ್ಕೆ 12ರಿಂದ 14 ಗಂಟೆ ನಿದ್ದೆ, ವಿಶ್ರಾಂತಿ ಬೇಕು. ಸಂಜೆ ಏಳಕ್ಕೆ ಹುಚ್ಚು ಹಿಡಿದ ಹಾಗೆ ಮನೆ ತುಂಬ ಓಡುವ ನಾಯಿಗೆ ಎಷ್ಟೋ ಸಲ ಬೇಕಾಗಿರುವುದು ನಿದ್ದೆ. ಈ ಚೀಲ ಅವನ ಜೊತೆಗೇ ಹೊಸ ಮನೆಗೆ ಹೋಗುತ್ತದೆ, ಒಗೆಯದೆ. ವಾಸನೆ ಇರಲಿ.

ಊಟದ ಬಗ್ಗೆ ಚಿಕ್ಕದಾಗಿ ಹೇಳಬೇಕು ಅಂದುಕೊಂಡಿದ್ದೆ, ಆದರೆ ನಮ್ಮ ಜಿಲ್ಲೆಯಲ್ಲಿ ಇದು ಚಿಕ್ಕ ವಿಷಯ ಅಲ್ಲ. ಮುದ್ದೆ ತಿನ್ನಲಿ, ತೊಂದರೆ ಇಲ್ಲ. ಮೊಸರು, ಮೊಟ್ಟೆ, ಬೇಯಿಸಿದ ಮೂಳೆಯಿಲ್ಲದ ಚಿಕನ್ ಜೊತೆಗೆ ಹಾಕಿ. ಬರೀ ಮುದ್ದೆಯಲ್ಲಿ ದೊಡ್ಡ ನಾಯಿಯ ಮೈ ತುಂಬುವುದಿಲ್ಲ. ಉಳಿದ ಸಾರು ಮಾತ್ರ ಸುರಿಯಬೇಡಿ. ಈರುಳ್ಳಿ, ಬೆಳ್ಳುಳ್ಳಿ ನಾಯಿಯ ರಕ್ತಕಣ ಒಡೆಯುತ್ತವೆ. ದ್ರಾಕ್ಷಿ ಇನ್ನೂ ಅಪಾಯ, ಕಿಡ್ನಿಗೆ ಹೊಡೆತ. ಯಾವ ನಾಯಿಗೆ ಎಷ್ಟು ತಿಂದರೆ ಅಪಾಯ ಆಗುತ್ತದೆ ಅಂತ ಮುಂಚೆ ಹೇಳಲು ಬರುವುದಿಲ್ಲ. ದಿಲ್‌ಖುಷ್, ಬೆಂಗಳೂರು ನೀಲಿ ಬೆಳೆಯುವ ಊರು ನಮ್ಮದು. ಚಪ್ಪರದ ಕೆಳಗೆ ಉದುರಿದ್ದು, ಕೇಸರಿಬಾತಿನ ಒಣದ್ರಾಕ್ಷಿ, ಎರಡೂ ಬೇಡ. ದ್ರಾಕ್ಷಿಯ ಟಾರ್ಟಾರಿಕ್ ಆಮ್ಲವೇ ಇದಕ್ಕೆ ಕಾರಣ ಇರಬೇಕು ಅಂತ ಪಶುವೈದ್ಯರು ಈಚೆಗೆ ಹೇಳುತ್ತಿದ್ದಾರೆ. ಆ ಆಮ್ಲ ಹುಣಸೆಹಣ್ಣಿನಲ್ಲೂ ಧಾರಾಳವಾಗಿದೆ. ಈಗ ನಮ್ಮ ಸಾರು ನೆನಪು ಮಾಡಿಕೊಳ್ಳಿ. ಇನ್ನೊಂದು, ಎದೆ ಆಳವಾಗಿರುವ ದೊಡ್ಡ ನಾಯಿಗಳಿಗೆ ಹೊಟ್ಟೆ ಉಬ್ಬಿ ತಿರುಚಿಕೊಳ್ಳುವ ಕಾಯಿಲೆ ಬರುತ್ತದೆ, ಗಂಟೆಗಳಲ್ಲಿ ಪ್ರಾಣ ಹೋಗಬಹುದು. ಒಂದೇ ಸಲ ರಾಶಿ ಹಾಕದೆ ಎರಡು ಹೊತ್ತು ಹಾಕಿ, ಉಂಡ ಮೇಲೆ ಓಡಿಸಬೇಡಿ.

ಇನ್ನು ಮನೆ ಹುಡುಕುವುದು. ದೊಡ್ಡ ನಾಯಿ ಅಂದ ತಕ್ಷಣ ಬರುವ ಫೋನ್‌ಗಳು ಬಹುತೇಕ ಒಂದೇ ಥರ: "ಮೇಡಂ, ತೋಟಕ್ಕೆ ಬೇಕಿತ್ತು, ಕಾವಲಿಗೆ." ತೋಟದ ಮನೆ ಅಂದರೆ ಕೆಟ್ಟದ್ದು ಅಂತ ನಾನು ಹೇಳುವುದಿಲ್ಲ. ಟ್ರ್ಯಾಕ್ಟರ್ ಕೊನೆಗೆ ಹೋಗಿದ್ದೂ ತೋಟದ ಮನೆಗೇ, ಶಿಡ್ಲಘಟ್ಟದ ಕಡೆ. ಆದರೆ ಒಂದು ಪ್ರಶ್ನೆ ಕೇಳುತ್ತೇನೆ: ರಾತ್ರಿ ಎಲ್ಲಿ ಮಲಗುತ್ತಾನೆ? "ಗೇಟ್ ಹತ್ತಿರ ಚೈನ್ ಹಾಕಿರ್ತೀವಿ" ಅಂದರೆ ಅಲ್ಲಿಗೆ ಮುಗಿಯಿತು. ಬೆಟ್ಟದ ಸುತ್ತ ಚಿರತೆ ಓಡಾಡುವ ಜಾಗದಲ್ಲಿ ಕಟ್ಟಿದ ನಾಯಿ ಓಡಿ ತಪ್ಪಿಸಿಕೊಳ್ಳಲೂ ಆಗುವುದಿಲ್ಲ. ಆಗಲೇ ಹೇಳಿದ 11ನೇ ಸೆಕ್ಷನ್ನಿನಲ್ಲೇ, ಸದಾ ಕಟ್ಟಿಹಾಕಿದ ನಾಯಿಗೆ ತಕ್ಕ ವ್ಯಾಯಾಮ ಕೊಡದೆ ಇರುವುದೂ ಅಪರಾಧ ಅಂತ ಇದೆ. ಜೊತೆಗೆ ಎಲ್ಲರನ್ನೂ ಪ್ರೀತಿಸುವ ನಾಯಿಯನ್ನು ಕಟ್ಟಿಹಾಕಿದರೆ ಅದು ಕಾವಲು ನಾಯಿ ಆಗುವುದಿಲ್ಲ, ತಲೆಕೆಟ್ಟ ನಾಯಿ ಆಗುತ್ತದೆ.

ಬಾಡಿಗೆ ಮನೆಯವರಾದರೆ ಓನರ್ ಹತ್ತಿರ ನಾನೇ ಮಾತಾಡುತ್ತೇನೆ. ಊರಿಗೆ ಹೋದಾಗ ಯಾರು ನೋಡಿಕೊಳ್ಳುತ್ತಾರೆ ಅಂತ ಕೇಳುತ್ತೇನೆ. ಮುಖ್ಯವಾಗಿ, ದೋಷ ಮುಚ್ಚಿಡುವುದಿಲ್ಲ. ನಾಯಿಯ ಮುದ್ದಾದ ಫೋಟೋ ಜೊತೆಗೆ ಒಂದು ವಿಡಿಯೋ ಕಳಿಸುತ್ತೇನೆ, ಬೆಲ್ ಆದಾಗ ಅವನು ಏನು ಮಾಡುತ್ತಾನೆ ಅಂತ. ಮೊದಲು ಎದ್ದು ಕುಣಿಯುತ್ತಾನೆ, ಆಮೇಲೆ ನೆನಪಾಗಿ ಚೀಲದ ಮೇಲೆ ಹೋಗಿ ಕೂರುತ್ತಾನೆ, ಬಾಲ ಮಾತ್ರ ನೆಲ ಗುಡಿಸುತ್ತಿರುತ್ತದೆ. ಅದನ್ನು ನೋಡಿ ನಕ್ಕವರು ಬರಲಿ. "ಇದು ಪೂರ್ತಿ ನಿಲ್ಲಲ್ವಾ?" ಅಂದವರಿಗೆ ಬೇರೆ ನಾಯಿ ಹುಡುಕಿಕೊಡೋಣ. ಒಪ್ಪಿದವರಿಗೂ ಅದೇ ದಿನ ಕೊಡುವುದಿಲ್ಲ. ಮನೆಯವರೆಲ್ಲ ಬಂದು ಹೋಗಬೇಕು. ಆಗದಿದ್ದರೆ ನನಗೇ ವಾಪಸ್ ಕೊಡಬೇಕು, ಬೀದಿಗೆ ಬಿಡುವ ಹಾಗಿಲ್ಲ ಅಂತ ಬರೆದುಕೊಡಬೇಕು.

ಇಲ್ಲಿಗೆ ಭಾಷಣ ಮುಗಿಸಿದೆ. ಆಮೇಲೆ ಬಂದ ಪ್ರಶ್ನೆಗಳು.

ಒಬ್ಬರು ಕೇಳಿದರು: ನಮ್ಮ ಮನೆಯಲ್ಲಿ ತೆಲುಗು, ನೀವು ಕನ್ನಡದಲ್ಲಿ ಕಲಿಸಿರುತ್ತೀರಿ, ನಾಯಿಗೆ ಗೊಂದಲ ಆಗಲ್ವಾ? ನಮ್ಮ ಜಿಲ್ಲೆಗೆ ತಕ್ಕ ಪ್ರಶ್ನೆ. ನಾನು ಪ್ರತಿ ಮಾತಿಗೂ ಒಂದು ಕೈಸನ್ನೆ ಸೇರಿಸಿ ಕಲಿಸುತ್ತೇನೆ. ನಾಯಿಗಳು ಮಾತಿಗಿಂತ ಕೈಯನ್ನು ಬೇಗ ಓದುತ್ತವೆ. ಸನ್ನೆ ಹಾಗೇ ಇಟ್ಟುಕೊಂಡು ಮಾತನ್ನು ನಿಮಗೆ ಬೇಕಾದ ಭಾಷೆಗೆ ಬದಲಾಯಿಸಿ. ಮನೆಯಲ್ಲಿ ಎಲ್ಲರೂ ಅದೇ ಮಾತು ಬಳಸಿದರೆ ಸಾಕು.

ಆಟದಲ್ಲಿ ಹಲ್ಲು ತಾಗಿ ರಕ್ತ ಬಂದರೆ? ಲಸಿಕೆ ಆದ ನಾಯಿ ಅಂತ ಸುಮ್ಮನಿರಬೇಡಿ. ಹರಿಯುವ ನೀರಿನಲ್ಲಿ ಸೋಪು ಹಚ್ಚಿ 15 ನಿಮಿಷ ತೊಳೆಯಿರಿ, ಅರಿಶಿನ, ಸುಣ್ಣ ಏನೂ ಬೇಡ, ಅದೇ ದಿನ ಆಸ್ಪತ್ರೆಗೆ ಹೋಗಿ ತೋರಿಸಿ. ಹೊಸದಾಗಿ ಬಂದ ನಾಯಿಯ ಹಿಂದಿನ ಕಥೆ ನಮಗೆ ಗೊತ್ತಿರುವುದಿಲ್ಲ.

ಕೊನೆಗೆ ಹಿಂದಿನ ಸಾಲಿನಿಂದ ಒಬ್ಬ ಹುಡುಗ, ಕಾಲೇಜಿನವನು: "ನಮ್ಮನೇಲಿ ನಾಯಿ ಸಾಕೋಕೆ ಬಿಡಲ್ಲ ಆಂಟಿ. ನಾನು ಏನು ಮಾಡಬಹುದು?"

ಬಾರಪ್ಪಾ, ನೀನೇ ಬೇಕಾಗಿರೋದು. ನಮ್ಮ ಮನೆಯವರ ಮೇಲೆ ಹಾರದೆ ಇರುವುದನ್ನು ನಾಯಿ ಬೇಗ ಕಲಿಯುತ್ತದೆ. ಗುರುತಿಲ್ಲದವರ ಮೇಲೆ ಹಾರದೆ ಇರುವುದನ್ನು ಕಲಿಸಲು ಗುರುತಿಲ್ಲದವರೇ ಬೇಕು, ಅವರೇ ಸಿಗುವುದಿಲ್ಲ. ಭಾನುವಾರ ಬೆಳಿಗ್ಗೆ ಬಾ, ಇಬ್ಬರು ಸ್ನೇಹಿತರನ್ನೂ ಕರೆದುಕೊಂಡು ಬಾ. ಬೆಲ್ ಮಾಡಿ, ಒಳಗೆ ಬಂದು, ನಾಯಿ ಕಡೆ ನೋಡದೆ ಕೈಕಟ್ಟಿ ನಿಂತುಕೊಳ್ಳಿ. ಆಮೇಲೆ ಹೊರಗೆ ಹೋಗಿ ಮತ್ತೆ ಬೆಲ್ ಮಾಡಿ. ತಿಂಡಿ, ಕಾಫಿ ನಮ್ಮದು. ಹಳೇ ಪ್ಯಾಂಟ್ ಹಾಕಿಕೊಂಡು ಬನ್ನಿ.